ಬಾರ್ಸಿಲೋನಾ ಅರಮನೆಯಲ್ಲಿ ಮೆಸ್ಸೀಯನ ವಿಚಾರಣೆ

1263ನೇ ಇಸವಿ, ಜುಲೈ ತಿಂಗಳು. ಜಾಗ, ಈಗಿನ ಸ್ಪೇನ್‌ನ ಬಾರ್ಸಿಲೋನಾ. ಅರಗಾನ್ ರಾಜ್ಯದ ದೊರೆ ಒಂದನೇ ಜೇಮ್ಸ್ ಅರಮನೆಯಲ್ಲಿ ಸಭೆ ಸೇರಿಸಿದ್ದಾನೆ. ಚರ್ಚಿನ ಹಿರಿಯರು, ಸಂನ್ಯಾಸಿಗಳು, ಸರದಾರರು ಎಲ್ಲ ಬಂದು ಕೂತಿದ್ದಾರೆ. ಒಂದು ಕಡೆ ಗಿರೋನಾ ಊರಿನ ಯೆಹೂದಿ ಪಂಡಿತರು, ಮೋಶೆ ಬೆನ್ ನಹ್ಮಾನ್. ಎಪ್ಪತ್ತರ ಹತ್ತಿರದ ವಯಸ್ಸು. ಯೆಹೂದ್ಯರು ಪ್ರೀತಿಯಿಂದ ರಾಂಬಾನ್ ಅಂತ ಕರೀತಾರೆ, ನಾವೂ ಹಾಗೇ ಕರೆಯೋಣ. ಇನ್ನೊಂದು ಕಡೆ ಪಾಬ್ಲೊ ಕ್ರಿಸ್ತಿಯಾನಿ. ಇವರೂ ಯೆಹೂದಿ ಮನೆಯಲ್ಲೇ ಹುಟ್ಟಿದವರು, ಆಮೇಲೆ ಕ್ರೈಸ್ತರಾಗಿ ಡೊಮಿನಿಕನ್ ಸಂನ್ಯಾಸಿಗಳ ಸಂಘ ಸೇರಿದವರು.

ವಾದ ಏನು? ಮೆಸ್ಸೀಯ ಬಂದಾಗಿದೆಯಾ, ಇನ್ನೂ ಬರಬೇಕಾ? ಅವನು ದೇವರಾ, ಮನುಷ್ಯನಾ? ಕಡೆಗೆ, ಸತ್ಯಧರ್ಮ ಯಾರ ಹತ್ತಿರ ಇದೆ?

ಕ್ರೈಸ್ತರಿಗೂ ಯೆಹೂದ್ಯರಿಗೂ ಇರೋ ವ್ಯತ್ಯಾಸ ಏನು ಅಂತ ಕೇಳಿದ್ರೆ ಸಾಮಾನ್ಯವಾಗಿ ಸಿಗೋ ಉತ್ತರ ಇಷ್ಟೇ: ಅವರು ಮೆಸ್ಸೀಯ ಬಂದ ಅಂತಾರೆ, ಇವರು ಬಂದಿಲ್ಲ ಅಂತಾರೆ. ಏನೋ ತಾರೀಖಿನ ಜಗಳ ಅನ್ನೋ ಹಾಗೆ. ಅದು ತಾರೀಖಿನ ಜಗಳ ಅಲ್ವೇ ಅಲ್ಲ ಅಂತ ಆ ಸಭೆಯಲ್ಲಿ ನಿಂತು ಹೇಳಿದವರು ರಾಂಬಾನ್. ಅದಕ್ಕೇ ಇವತ್ತು ಈ ಕಥೆ.

ಮೊದಲು ಒಂದು ಮಾತು. ಇದು ಸಮಸಮ ನಿಂತು ಮಾಡಿದ ವಾದ ಅಲ್ಲ. 1240ರಲ್ಲಿ ಪ್ಯಾರಿಸ್‌ನಲ್ಲಿ ಇಂಥದ್ದೇ ಒಂದು ವಾದ ನಡೆದಿತ್ತು. ಅಲ್ಲಿ ಯೆಹೂದ್ಯರ ತಾಲ್ಮುದ್ ಗ್ರಂಥವನ್ನೇ ಆರೋಪಿ ಮಾಡಿದ್ರು, ಆಮೇಲೆ ಗಾಡಿಗಟ್ಟಲೆ ಹಸ್ತಪ್ರತಿಗಳನ್ನ ಸುಟ್ಟರು. ಬಾರ್ಸಿಲೋನಾದಲ್ಲಿ ರಾಂಬಾನ್ ಮೊದಲು ಕೇಳಿದ್ದು ಮಾತಾಡೋ ಸ್ವಾತಂತ್ರ್ಯವನ್ನ. ದೊರೆ ಒಪ್ಪಿದ. ಆದ್ರೆ ಸಭೆಯ ಹಿಂದಿನ ಶಕ್ತಿಯಾಗಿದ್ದ ಡೊಮಿನಿಕನ್ ಹಿರಿಯರು, ರಾಮೋನ್ ದ ಪೆನ್ಯಾಫೋರ್ಟ್, ನಮ್ಮ ಧರ್ಮಕ್ಕೆ ಅವಮಾನ ಆಗಬಾರದು ಅಂತ ಒಂದು ಷರತ್ತು ಸೇರಿಸಿದ್ರು. ಬಾಯಿ ತೆಗೀಬಹುದು, ಎಷ್ಟಗಲ ಅನ್ನೋದು ಅವರ ಕೈಲಿ.

ಮೆಸ್ಸೀಯ ಅಂದ್ರೆ ಎಣ್ಣೆಯಿಂದ ಅಭಿಷೇಕ ಆದವನು. ಹಳೇ ಇಸ್ರಾಯೇಲಿನಲ್ಲಿ ರಾಜರಿಗೂ ಮಹಾಯಾಜಕರಿಗೂ ತಲೆ ಮೇಲೆ ಎಣ್ಣೆ ಸುರಿದು ಪಟ್ಟ ಕಟ್ತಿದ್ರು. ಸೌಲನೂ ಅಭಿಷಿಕ್ತ, ದಾವೀದನೂ ಅಭಿಷಿಕ್ತ. ಯೆಶಾಯನ ಪುಸ್ತಕದಲ್ಲಿ ಪರ್ಷಿಯಾದ ದೊರೆ ಕೋರೆಷನನ್ನೂ ಹಾಗೇ ಕರೆದಿದೆ, ಅವನು ಯೆಹೂದಿ ಕೂಡ ಅಲ್ಲ. ಯಾರೂ ಇವರನ್ನ ದೇವರು ಅಂದುಕೊಂಡಿರಲಿಲ್ಲ. ರಾಜ್ಯ ಹೋಗಿ ದೇಶಾಂತರ ಬಂದ ಮೇಲೆ, ಮುಂದೊಂದು ದಿನ ದಾವೀದನ ವಂಶದಿಂದ ಒಬ್ಬ ಬರ್ತಾನೆ, ಚದುರಿದ ಜನರನ್ನ ಒಟ್ಟುಗೂಡಿಸ್ತಾನೆ, ಲೋಕದಲ್ಲಿ ಶಾಂತಿ ತರ್ತಾನೆ ಅನ್ನೋ ಆಸೆ ಬೆಳೀತು. ಹನ್ನೆರಡನೇ ಶತಮಾನದ ಮೈಮೊನಿಡೀಸ್ ಅಂತೂ ಇದನ್ನ ಕಾನೂನಿನ ಭಾಷೆಯಲ್ಲಿ ಬರೆದಿಟ್ರು. ಮೆಸ್ಸೀಯ ಒಬ್ಬ ರಾಜ. ಪವಾಡ ಮಾಡಲೇಬೇಕು ಅಂತಿಲ್ಲ, ಕೆಲಸ ಮಾಡಿ ತೋರಿಸಬೇಕು. ಸೋತ್ರೆ, ಇಲ್ಲಾ ಯಾರಾದ್ರೂ ಅವನನ್ನ ಕೊಂದ್ರೆ, ಅವನಲ್ಲ. ಇದಕ್ಕೆ ಅವರು ಕೊಡೋ ಉದಾಹರಣೆ ಬಾರ್ ಕೋಖ್ಬಾ. ರೋಮ್ ವಿರುದ್ಧ 132ರಲ್ಲಿ ದಂಗೆ ಎದ್ದವನು, ರಬ್ಬಿ, ಅಂದ್ರೆ ಯೆಹೂದಿ ಧರ್ಮಗುರು, ಅಕೀವಾ ಅಂಥ ದೊಡ್ಡವರೇ ಇವನೇ ಮೆಸ್ಸೀಯ ಅಂದಿದ್ರು. 135ರಲ್ಲಿ ಸೋತು ಸತ್ತ. ಅಲ್ಲಿಗೆ ಮುಗೀತು. ನಂಬಿದವರನ್ನ ಯಾರೂ ಧರ್ಮಭ್ರಷ್ಟರು ಅನ್ನಲಿಲ್ಲ. ಲೆಕ್ಕ ತಪ್ಪಿತ್ತು, ಅಷ್ಟೇ.

ಈಗ ಅರಮನೆಗೆ ಬನ್ನಿ. ಪಾಬ್ಲೊ ಹೊಸ ಪಟ್ಟು ತಂದಿದ್ರು. ಪ್ಯಾರಿಸ್‌ನಲ್ಲಿ ಆರೋಪಿಯಾಗಿದ್ದ ತಾಲ್ಮುದ್ ಇಲ್ಲಿ ಕ್ರೈಸ್ತರ ಪರ ಸಾಕ್ಷಿ! ನಿಮ್ಮ ರಬ್ಬಿಗಳೇ ಮೆಸ್ಸೀಯ ಬಂದಾಗಿದೆ ಅಂತ ಒಪ್ಪಿಕೊಂಡಿದ್ದಾರೆ, ನೋಡಿ ಅಂತ ಒಂದು ಹಳೇ ಕಥೆ ತೆಗೆದ್ರು.

ಕಥೆ ಹೀಗಿದೆ. ಒಬ್ಬ ಯೆಹೂದಿ ಹೊಲ ಉಳ್ತಾ ಇರ್ತಾನೆ. ನೇಗಿಲಿಗೆ ಕಟ್ಟಿದ ಹಸು ಕೂಗುತ್ತೆ. ದಾರೀಲಿ ಹೋಗ್ತಿದ್ದ ಅರಬ ನಿಂತು, ಹಸು ಬಿಚ್ಚು, ನೇಗಿಲು ಬಿಚ್ಚು, ನಿಮ್ಮ ದೇವಾಲಯ ಬಿತ್ತು ಅಂತಾನೆ. ಹಸು ಇನ್ನೊಂದ್ಸಲ ಕೂಗುತ್ತೆ. ಕಟ್ಟಿಕೋ ಮತ್ತೆ, ನಿಮ್ಮ ಮೆಸ್ಸೀಯ ಹುಟ್ಟಿದ ಅಂತಾನೆ. ದೇವಾಲಯ ಬಿದ್ದ ದಿನವೇ ಬಿಡಿಸುವವನೂ ಹುಟ್ಟಿದ ಅನ್ನೋದು ತಾತ್ಪರ್ಯ.

ರಾಂಬಾನ್ ಏನಂದ್ರು ಗೊತ್ತಾ? ಮೊದಲಿಗೆ, ನಾನು ಈ ಕಥೆ ನಂಬಲ್ಲ ಅಂದ್ರು. ಸಭೆ ಬೆಚ್ಚಿತು, ರಬ್ಬಿಯೇ ತಮ್ಮ ಗ್ರಂಥ ನಂಬಲ್ಲ ಅಂತಾರಲ್ಲ ಅಂತ. ಅವರು ವಿವರಿಸಿದ್ರು: ನಮ್ಮಲ್ಲಿ ಬೈಬಲ್ ಇದೆ, ಅದನ್ನ ಪೂರ್ತಿ ನಂಬ್ತೀವಿ. ತಾಲ್ಮುದ್ ಇದೆ, ಅದರ ವಿಧಿಗಳನ್ನ ಪಾಲಿಸ್ತೀವಿ. ಮೂರನೇದು ಮಿದ್ರಾಶ್, ಅಂದ್ರೆ ಉಪದೇಶದ ಕಥೆಗಳು. ನಿಮ್ಮ ಬಿಷಪ್ ಎದ್ದು ನಿಂತು ಒಂದು ಪ್ರಸಂಗ ಮಾಡಿದ ಹಾಗೆ. ಇಷ್ಟ ಆದ್ರೆ ತಗೋಬಹುದು, ಆಗದಿದ್ರೆ ಬಿಡಬಹುದು.

ಆಮೇಲೆ, ಆಯ್ತು, ಕಥೆ ನಿಜ ಅಂತಲೇ ಇಟ್ಕೊಳ್ಳಿ ಅಂದ್ರು. ಆಗ ಸಿಕ್ಕಿಬೀಳೋದು ನೀವೇ. ಯೆರೂಸಲೇಮಿನ ದೇವಾಲಯ ಬಿದ್ದಿದ್ದು ಯೇಸು ಶಿಲುಬೆಗೇರಿ ಎಷ್ಟೋ ವರ್ಷ ಆದ ಮೇಲೆ. ನಮ್ಮ ಈಗಿನ ಲೆಕ್ಕದಲ್ಲಿ ಕ್ರಿಸ್ತಶಕ 70. ಆ ದಿನ ಹುಟ್ಟಿದವನು ಯೇಸು ಹೇಗಾಗ್ತಾನೆ? ಅದೂ ಅಲ್ಲದೆ ಹುಟ್ಟೋದೇ ಬೇರೆ, ಬರೋದೇ ಬೇರೆ. ಪ್ರವಾದಿ ಮೋಶೆ ಹುಟ್ಟಿದ ದಿನವೇ ಇಸ್ರಾಯೇಲ್ಯರಿಗೆ ಬಿಡುಗಡೆ ಆಗಲಿಲ್ಲ, ಅವನು ಫರೋಹನ ಮುಂದೆ ಹೋಗಿ ನಿಂತಾಗ ಶುರುವಾಯ್ತು. ದೊರೆಗೆ ಇದು ಮಜವಾಗಿ ಕಂಡಿರಬೇಕು. ಹಾಗಾದ್ರೆ ನಿಮ್ಮ ಮೆಸ್ಸೀಯ ಸಾವಿರ ವರ್ಷ ದಾಟಿ ಇನ್ನೂ ಬದುಕಿದ್ದಾನಾ ಅಂತ ಕೇಳಿದ. ಆದಾಮ 930 ವರ್ಷ ಬದುಕಿದ್ದು ನಿಮ್ಮ ಬೈಬಲ್ಲಲ್ಲೂ ಇದೆಯಲ್ಲ, ಆಯಸ್ಸು ದೇವರ ಕೈಲಿ ಇದೆ ಅಂದ್ರು ರಾಂಬಾನ್.

ಇಲ್ಲೀತನಕ ಪಂಡಿತರ ಕುಸ್ತಿ. ಮುಂದಿನ ಮಾತು ಬೇರೆ ತೂಕದ್ದು.

ಮೆಸ್ಸೀಯನ ಕಾಲದಲ್ಲಿ ಕತ್ತಿ ಬಡಿದು ನೇಗಿಲ ಗುಳ ಮಾಡ್ಕೊಳ್ತಾರೆ, ಯುದ್ಧ ಕಲಿಯೋದನ್ನೇ ಬಿಡ್ತಾರೆ ಅಂತ ಪ್ರವಾದಿಗಳು ಹೇಳಿದ್ದಾರೆ. ಯೇಸುವಿನ ಕಾಲದಿಂದ ಇವತ್ತಿನವರೆಗೆ ಲೋಕದ ತುಂಬ ಹಿಂಸೆ, ಲೂಟಿ. ಅದರಲ್ಲೂ ಕ್ರೈಸ್ತರು ಚೆಲ್ಲಿದ ರಕ್ತ ಬೇರೆಯವರಿಗಿಂತ ಜಾಸ್ತಿ. ಇನ್ನು ದೊರೆಯೇ, ನಿಮ್ಮ ಈ ಸರದಾರರು ಯುದ್ಧ ಬಿಟ್ರೆ ಬದುಕೋದು ಹೇಗೆ? ಹೀಗಂದ್ರಂತೆ. ಯಾರ ಮುಂದೆ? ಮಯೋರ್ಕಾ ಗೆದ್ದು, ವಲೆನ್ಸಿಯಾ ಗೆದ್ದು, 'ವಿಜೇತ' ಅಂತಲೇ ಹೆಸರಾದ ದೊರೆ ಮುಂದೆ! ಧೈರ್ಯ ಅಂದ್ರೆ ಇದು.

ಯೆಹೂದ್ಯರ ಅಳತೆಗೋಲು ಇದರಲ್ಲೇ ಇದೆ. ಮೆಸ್ಸೀಯ ಬಂದ ಅನ್ನೋಕೆ ಪುರಾವೆ ಅವನ ಜನ್ಮವೃತ್ತಾಂತದಲ್ಲಿ ಇಲ್ಲ, ಕಿಟಕಿ ಆಚೆ ಇದೆ. ಲೋಕ ಬದಲಾಗಿದೆಯಾ? ಇಲ್ಲ ಅಂದ್ರೆ ಬಂದಿಲ್ಲ.

ಕ್ರೈಸ್ತರು ಇದಕ್ಕೆ ಉತ್ತರ ಇಲ್ಲದೆ ಕೂತಿಲ್ಲ. ಅವರ ಪ್ರಕಾರ ಬಿಡುಗಡೆ ರೋಮ್‌ನಿಂದ ಅಲ್ಲ, ಪಾಪ ಮತ್ತು ಮರಣದಿಂದ. ಯೆಶಾಯನ 53ನೇ ಅಧ್ಯಾಯದಲ್ಲಿ ಬೇರೆಯವರ ಅಪರಾಧಕ್ಕಾಗಿ ನೋವು ಉಣ್ಣೋ ಒಬ್ಬ ಸೇವಕ ಬರ್ತಾನೆ, ಅವನು ಯೇಸುವೇ ಅಂತ ಅವರು ಓದ್ತಾರೆ. ಯೆಹೂದಿ ಓದುಗರಲ್ಲಿ ಬಹಳ ಜನ ಆ ಸೇವಕ ಇಸ್ರಾಯೇಲ್ ಜನಾಂಗವೇ ಅಂತಾರೆ. ಬಾರ್ ಕೋಖ್ಬಾನನ್ನ ಸಾವು ಮುಗಿಸಿತು. ಯೇಸುವಿನ ಶಿಷ್ಯರು, ಅವರೂ ಯೆಹೂದ್ಯರೇ, ಸಾವು ಮುಗಿಸಲಿಲ್ಲ, ಅವನು ಎದ್ದು ಬಂದ ಅಂದ್ರು. ಕತ್ತಿ ಗುಳವಾಗೋ ಕಾಲ? ಅದು ಯೇಸು ಮತ್ತೆ ಬರೋ ಎರಡನೇ ಬರೋಣದಲ್ಲಿ. ಅಂದ್ರೆ ಕಾಯೋದು ಕ್ರೈಸ್ತರಿಗೂ ತಪ್ಪಿದ್ದಲ್ಲ.

ಆದ್ರೆ ರಾಂಬಾನ್ ಇಷ್ಟಕ್ಕೇ ನಿಲ್ಲಲಿಲ್ಲ. ದೊರೆಗೆ ಅವರು ಹೇಳಿದ ಒಂದು ಮಾತು ನನಗೆ ಇಡೀ ವಾದದಲ್ಲೇ ಮುಖ್ಯ ಅನ್ಸುತ್ತೆ. ನಮ್ಮ ಧರ್ಮ ಮೆಸ್ಸೀಯನ ಮೇಲೆ ನಿಂತಿಲ್ಲ. ಅವನೂ ರಾಜ, ನೀವೂ ರಾಜರು. ನನ್ನ ಮಟ್ಟಿಗೆ ಅವನಿಗಿಂತ ನಿಮ್ಮ ಬೆಲೆಯೇ ಹೆಚ್ಚು, ಯಾಕಂದ್ರೆ ಪರರ ಆಳ್ವಿಕೆಯಲ್ಲಿ ಕಷ್ಟಪಟ್ಟು ದೇವರ ವಿಧಿ ಪಾಲಿಸಿದ್ರೆ ಪುಣ್ಯ ಜಾಸ್ತಿ. ನಮ್ಮ ನಿಮ್ಮ ನಿಜವಾದ ಜಗಳ ಇರೋದು ದೇವರ ವಿಷಯದಲ್ಲಿ. ಆಕಾಶ ಭೂಮಿ ಸೃಷ್ಟಿಸಿದವನು ಒಬ್ಬ ಹೆಂಗಸಿನ ಗರ್ಭದಲ್ಲಿ ಒಂಬತ್ತು ತಿಂಗಳಿದ್ದು, ಮಗುವಾಗಿ ಹುಟ್ಟಿ, ಬೆಳೆದು, ಶತ್ರುಗಳ ಕೈಗೆ ಸಿಕ್ಕಿ ಸತ್ತ ಅನ್ನೋದನ್ನ ನನ್ನ ಬುದ್ಧಿ ಒಪ್ಪಲ್ಲ. ನೀವು ಚಿಕ್ಕಂದಿನಿಂದ ಕೇಳ್ತಾ ಬಂದಿದ್ದೀರಿ, ಅದಕ್ಕೆ ನಿಮಗೆ ವಿಚಿತ್ರ ಅನ್ಸಲ್ಲ ಅಂದ್ರು.

ದಶಾವತಾರದ ಆಟ ನೋಡಿ ಬೆಳೆದ ನಮಗೆ ಇದರಲ್ಲಿ ಗಾಬರಿ ಬೀಳೋದೇನಿದೆ ಅನ್ಸುತ್ತೆ. ದೇವರು ಮನುಷ್ಯನಾಗಿ ಹುಟ್ಟೋದು ನಮ್ಮ ಕಡೆ ಸುದ್ದಿಯೇ ಅಲ್ಲ. ಆದ್ರೆ ಈ ಸಲೀಸು ಎರಡೂ ಕಡೆಗೆ ಅನ್ಯಾಯ ಮಾಡುತ್ತೆ. ಯೆಹೂದಿಗೆ ಸೃಷ್ಟಿಕರ್ತನೇ ಬೇರೆ, ಸೃಷ್ಟಿಯೇ ಬೇರೆ. ಆ ಗೆರೆ ಅಳಿಸಿದ್ರೆ ಅದು ವಿಗ್ರಹಾರಾಧನೆಗೆ ಸಮ. ಕ್ರೈಸ್ತರಿಗೂ ಯೇಸು ಹತ್ತರಲ್ಲಿ ಒಬ್ಬ ಅಲ್ಲ. ಒಂದೇ ಸಲ, ಒಬ್ಬನೇ. ಮಗನು ತಂದೆಯೊಂದಿಗೆ ಒಂದೇ ತತ್ವದವನು ಅಂತ 325ರ ನೈಸಿಯಾ ಸಭೆ ತೀರ್ಮಾನ ಮಾಡಿತು. ಪೂರ್ತಿ ದೇವರು, ಪೂರ್ತಿ ಮನುಷ್ಯ, ಎರಡು ಸ್ವಭಾವ, ವ್ಯಕ್ತಿ ಒಬ್ಬನೇ ಅಂತ 451ರಲ್ಲಿ ಕಾಲ್ಸಿಡನ್ ಸಭೆ ಹೇಳಿತು. ಹಸಿವು, ನೋವು, ಸಾವು ಯಾವುದೂ ನಟನೆ ಅಲ್ಲ. ದೇವರು ಒಬ್ಬನೇ ಅನ್ನೋದನ್ನೂ ಅವರು ಬಿಡಲಿಲ್ಲ. ಆ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳೋಕೆ ಬೇಕಾದದ್ದೇ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋ ತ್ರಿಯೇಕ ದೇವರ ಸಿದ್ಧಾಂತ.

ಹಾಗಂತ ಯೇಸುವಿನ ಕಾಲದ ಯೆಹೂದ್ಯರೆಲ್ಲ ಮೈಮೊನಿಡೀಸ್ ಥರವೇ ಯೋಚಿಸ್ತಿದ್ರು ಅಂತಲ್ಲ. ಸತ್ತ ಸಮುದ್ರದ ಹತ್ತಿರ, ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಇಬ್ಬರು ಮೆಸ್ಸೀಯರ ನಿರೀಕ್ಷೆ ಇದೆ, ಒಬ್ಬ ಯಾಜಕ, ಒಬ್ಬ ರಾಜ. ದಾನಿಯೇಲನ ಪುಸ್ತಕದಲ್ಲಿ ಮೋಡಗಳ ಜೊತೆ ಬರೋ ಮನುಷ್ಯಕುಮಾರನಂಥ ಒಬ್ಬನಿದ್ದಾನೆ. ದೈವಿಕ ಮೆಸ್ಸೀಯನ ಕಲ್ಪನೆಯ ಬೇರು ಯೆಹೂದಿ ನೆಲದಲ್ಲೇ ಇತ್ತು ಅಂತ ವಾದಿಸೋ ಡೇನಿಯಲ್ ಬೊಯಾರಿನ್ ಅವರಂಥ ಯೆಹೂದಿ ವಿದ್ವಾಂಸರು ಇವತ್ತೂ ಇದ್ದಾರೆ. ಒಪ್ಪದವರೂ ಬಹಳ ಜನ.

ನಾಲ್ಕು ಬೈಠಕ್ ಆದ ಮೇಲೆ ವಾದ ನಿಂತುಹೋಯ್ತು. ಊರಿನ ಯೆಹೂದ್ಯರಿಗೇ ಇದು ಎಲ್ಲಿ ಹೋಗಿ ಮುಟ್ಟುತ್ತೋ ಅಂತ ಭಯ ಆಗಿತ್ತು. ಮುಂದಿನ ಸಬ್ಬತ್ ದಿನ, ಅಂದ್ರೆ ಯೆಹೂದ್ಯರ ವಾರದ ವಿಶ್ರಾಂತಿಯ ದಿನ, ದೊರೆಯೇ ಪರಿವಾರ ಕಟ್ಟಿಕೊಂಡು ಅವರ ಪ್ರಾರ್ಥನಾಮಂದಿರ ಸಿನಗಾಗ್‌ಗೆ ಬಂದ. ಅಲ್ಲಿ ಪೆನ್ಯಾಫೋರ್ಟ್ ತ್ರಿಯೇಕ ದೇವರ ಬಗ್ಗೆ ಮಾತಾಡಿ, ಅದು ಜ್ಞಾನ, ಇಚ್ಛೆ, ಶಕ್ತಿ ಅಂದ್ರು. ದೇವರಿಗೆ ಈ ಮೂರೂ ಇವೆ ಅಂತ ನಾನೂ ಒಪ್ತೀನಿ, ಆದ್ರೆ ಅವು ಅವನಿಂದ ಬೇರೆ ಅಲ್ಲ ಅಂದ್ರು ರಾಂಬಾನ್. ಗುಣ ಎಣಿಸ್ತಾ ಹೋದ್ರೆ ಮೂರಕ್ಕೇ ಯಾಕೆ ನಿಲ್ಲಿಸ್ತೀರಿ? ಅವನಿಗೆ ಜೀವ ಇದೆ, ಅದನ್ನ ಯಾವ ಲೆಕ್ಕಕ್ಕೆ ಹಾಕ್ತೀರಿ? ಆಗ ದೊರೆ ತನಗೆ ಗೊತ್ತಿದ್ದ ಉದಾಹರಣೆ ಕೊಟ್ಟ: ದ್ರಾಕ್ಷಾರಸಕ್ಕೆ ಬಣ್ಣ, ರುಚಿ, ವಾಸನೆ ಮೂರಿದೆ, ವಸ್ತು ಮಾತ್ರ ಒಂದೇ ಅಲ್ವಾ? ರಾಂಬಾನ್ ಅದನ್ನೂ ಬಿಡಲಿಲ್ಲ. ಕೆಂಪು ಬಣ್ಣ ಬೇರೆ ಕಡೆಯೂ ಇರುತ್ತೆ, ಇವೆಲ್ಲ ರಸದ ಮೇಲಿನ ಗುಣಗಳು, ಪಾತ್ರೆ ತುಂಬಿರೋ ರಸ ಇವಲ್ಲ ಅಂದ್ರು. ದೊರೆಗೆ ಯಾರೋ ಪಾದ್ರಿ ಹೇಳಿಕೊಟ್ಟ ಉದಾಹರಣೆ ಇರಬೇಕು, ಪಾಪ.

ಇಷ್ಟೆಲ್ಲ ನಮಗೆ ಗೊತ್ತಾಗಿರೋದು ಹೇಗೆ? ಬಹುಪಾಲು ರಾಂಬಾನ್ ಅವರೇ ಹೀಬ್ರೂನಲ್ಲಿ ಬರೆದ ವರದಿಯಿಂದ. ಅದರಲ್ಲಿ ಗೆದ್ದದ್ದು ಅವರೇ. ತಪ್ಪು ಪಕ್ಷವನ್ನ ಇಷ್ಟು ಚೆನ್ನಾಗಿ ವಾದಿಸಿದವರನ್ನ ನಾನು ನೋಡೇ ಇಲ್ಲ ಅಂತ ದೊರೆ ಮೆಚ್ಚಿ, ಖರ್ಚಿಗೆ ಹಣ ಕೊಟ್ಟು ಕಳಿಸಿದನಂತೆ. ಕ್ರೈಸ್ತರ ಚಿಕ್ಕ ಲ್ಯಾಟಿನ್ ವರದಿಯೂ ಉಳಿದಿದೆ. ಅದರ ಪ್ರಕಾರ ರಾಂಬಾನ್ ಉತ್ತರ ಹೊಳೆಯದೆ ತಬ್ಬಿಬ್ಬಾದ್ರು, ಕಡೆಗೆ ದೊರೆ ಇಲ್ಲದ ಹೊತ್ತಲ್ಲಿ ಊರು ಬಿಟ್ರು. ನನಗೆ ಎರಡನ್ನೂ ಪೂರ್ತಿ ನಂಬೋಕೆ ಆಗಲ್ಲ. ರಾಜಸಭೆಯಲ್ಲಿ ಅಷ್ಟು ಖಾರವಾಗಿ ಮಾತಾಡೋದು ಎಷ್ಟು ಸಾಧ್ಯವಿತ್ತೋ. ಬರೆಯುವಾಗ ನಾಲಿಗೆ ಸ್ವಲ್ಪ ಉದ್ದ ಆಗಿರಬಹುದು.

ಆ ಬರಹವೇ ಅವರಿಗೆ ಮುಳುವಾಯ್ತು. 1265ರಲ್ಲಿ ಡೊಮಿನಿಕನ್ನರು ದೈವನಿಂದೆಯ ದೂರು ಕೊಟ್ರು. ಎರಡು ವರ್ಷ ಗಡೀಪಾರು, ಪುಸ್ತಕ ಸುಡೋದು, ಇಷ್ಟು ಸಾಕು ಅಂದ ದೊರೆ. ಸಾಲದು ಅಂದ್ರು ಅವರು. ಪೋಪ್ ನಾಲ್ಕನೇ ಕ್ಲೆಮೆಂಟ್ ಕೂಡ ಶಿಕ್ಷೆ ಆಗಲಿ ಅಂತ ದೊರೆಗೆ ಪತ್ರ ಬರೆದ್ರು. ಮುಪ್ಪಿನಲ್ಲಿ ರಾಂಬಾನ್ ಊರು ಬಿಟ್ಟು 1267ರಲ್ಲಿ ಯೆರೂಸಲೇಮ್ ಸೇರಿದಾಗ, ಪಾಳುಬಿದ್ದ ಆ ನಗರದಲ್ಲಿ ನೆಲೆಸಿದ್ದ ಯೆಹೂದ್ಯರು ಬಣ್ಣ ಹಾಕೋ ಕೆಲಸದ ಇಬ್ಬರು ಅಣ್ಣತಮ್ಮಂದಿರು ಮಾತ್ರ ಅಂತ ಮಗನಿಗೆ ಪತ್ರ ಬರೆದಿದ್ದಾರೆ.

ಇನ್ನೊಂದು ದಾಖಲೆ ಹೇಳಿ ಮುಗಿಸ್ತೀನಿ. 2001ರಲ್ಲಿ ವ್ಯಾಟಿಕನ್‌ನ ಬೈಬಲ್ ಆಯೋಗ ಯೆಹೂದ್ಯರ ಧರ್ಮಗ್ರಂಥಗಳ ಬಗ್ಗೆ ಒಂದು ದೊಡ್ಡ ಪತ್ರ ಹೊರಡಿಸಿತು. ಯೆಹೂದ್ಯರು ಮೆಸ್ಸೀಯನಿಗಾಗಿ ಕಾಯ್ತಿರೋದು ವ್ಯರ್ಥ ಅಲ್ಲ ಅಂತ ಅದರಲ್ಲಿ ಹೇಳಿದೆ. ನಾವೂ ಕಾಯ್ತಿದ್ದೀವಿ ಅಂತಾನೂ ಹೇಳಿದೆ. ಇಷ್ಟು ಹಳೇ ಜಗಳದಲ್ಲಿ ಇದು ಸಣ್ಣ ಮಾತಲ್ಲ. ಅದರ ಬೆನ್ನಿಗೇ, ಬರೋವನಲ್ಲಿ ಯೇಸುವಿನ ಲಕ್ಷಣಗಳೇ ಇರ್ತವೆ ಅಂತ ಇನ್ನೊಂದು ಮಾತೂ ಇದೆ. ರಾಂಬಾನ್ ಹಿಡಿದು ನಿಲ್ಲಿಸ್ತಿದ್ದದ್ದು ಅಲ್ಲೇ.