ಮಗುವಿನ ಉಸಿರು ಮತ್ತು ದಂತವೈದ್ಯನ ಹೊಣೆ



ಮಗುವಿನ ಬಾಯಿ ತೆರೆಯಿಸುವುದಕ್ಕೆ ಮುನ್ನ ಅದರ ತಾಯಿಯೊಡನೆ ಸಾವಧಾನವಾಗಿ ಮಾತನಾಡುತ್ತಿದ್ದರೆಂದು ಶಿಷ್ಯರು ಇಂದಿಗೂ ಸ್ಮರಿಸುವ ಹಿರಿಯ ದಂತವೈದ್ಯರ ಹೆಸರಿನ ಈ ದತ್ತಿಯಲ್ಲಿ ಉಪನ್ಯಾಸ ಮಾಡುವ ಗೌರವವನ್ನು ನನಗಿತ್ತ ಮಂಡಲಿಗೆ ನಾನು ಕೃತಜ್ಞನು.

ಮೂಗಿನ ಹಿಂದಿರುವ ಅಡಿನಾಯ್ಡು ಬೆಳೆದು ದಾರಿ ಕಟ್ಟಿದರೆ ಮಗು ಬಾಯಿಂದ ಉಸಿರಾಡತೊಡಗುವುದೆಂಬ, ಆಗ ನಾಲಗೆ ಅಂಗುಳನ್ನು ಬಿಟ್ಟು ಕೆಳಗಿಳಿದು, ಒಳಗಿನ ಆಸರೆ ತಪ್ಪಿದ ಮೇಲ್ದವಡೆ ಕಿರಿದಾಗಿ ಮುಖ ನೀಳವಾಗುವುದೆಂಬ ವಿಚಾರವು, ಕೋಪನ್‌ಹೇಗನ್ನಿನ ವಿಲ್ಹೆಲ್ಮ್ ಮೇಯರ್ 1868ರಲ್ಲಿ ಆ ಗ್ರಂಥಿಯ ಬಾಧೆಯನ್ನು ವರ್ಣಿಸಿದಂದಿನಿಂದ ಸ್ವೀಡನ್ನಿನ ಲಿಂಡರ್-ಆರೋನ್‌ಸನ್‌ರ 1970ರ ಅಧ್ಯಯನದವರೆಗೆ ಬೆಳೆದುಬಂದು, ಪಠ್ಯಗ್ರಂಥಗಳಲ್ಲಿ ಸುಲಭವಾಗಿ ದೊರೆಯುವುದರಿಂದ, ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ ಬೇರೆ: ಉಸಿರಿನ ವಿಷಯದಲ್ಲಿ ದಂತವೈದ್ಯನ ಅಧಿಕಾರ ಎಲ್ಲಿಯವರೆಗೆ?

ಹಲ್ಲಿನಾಚೆಗೆ ನಮಗೇನು ಕೆಲಸವೆಂಬುದು ಒಂದು ಪಕ್ಷ. ಊದಿದ ಟಾನ್ಸಿಲ್ಲೂ ಕಿರಿದಾದ ಅಂಗುಳೂ ಎಷ್ಟೋ ಸಲ ಮೊದಲು ನಮ್ಮ ದೀಪದ ಬೆಳಕಿಗೇ ಬೀಳುತ್ತಿರುವಾಗ, ರಾತ್ರಿಯೆಲ್ಲ ಉಸಿರು ಕಟ್ಟಿ ನಿದ್ರೆ ಮುರಿದು, ಹಗಲು ಚಡಪಡಿಸಿ, ಶಾಲೆಯಲ್ಲಿ ತುಂಟನೆಂದು ಬೈಸಿಕೊಳ್ಳುವ ಮಗುವಿಗೆ ಹುಳುಕು ಹಲ್ಲನ್ನಷ್ಟೇ ತುಂಬಿ ಕಳುಹಿಸುವುದು ಕರ್ತವ್ಯಲೋಪವೆಂದು ನಾನು ವಿನಯದಿಂದ, ಆದರೆ ದೃಢವಾಗಿ ಹೇಳುತ್ತೇನೆ.

ಗೊರಕೆಯ ಮಗುವನ್ನು ಕಂಡೊಡನೆ ತಿರುಪಿನ ಸಾಧನ ತೊಡಿಸಿ ಅಂಗುಳನ್ನು ಹಿಗ್ಗಿಸಹೊರಡುವುದು ಎರಡನೆಯ ಪಕ್ಷ. ನನ್ನ ಆಕ್ಷೇಪ ಇದರ ಮೇಲೆಯೇ ಹೆಚ್ಚು. ಇವರು ಆಧಾರವಾಗಿಸುವುದು ಇಟಲಿಯ ಪಿರೆಲ್ಲಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ 31 ಮಕ್ಕಳ ಅಧ್ಯಯನವನ್ನು. ಆದರೆ ಆ ಮಕ್ಕಳ ಮೇಲ್ದವಡೆ ನಿಜವಾಗಿಯೂ ಕಿರಿದಾಗಿತ್ತು, ಟಾನ್ಸಿಲ್ ಅಡಿನಾಯ್ಡುಗಳು ಊದಿರಲಿಲ್ಲ, ಹೋಲಿಕೆಗೆ ಚಿಕಿತ್ಸೆಯಿಲ್ಲದ ಗುಂಪೂ ಇರಲಿಲ್ಲ. ಆ ಗುಂಪು ಏಕೆ ಬೇಕೆಂಬುದನ್ನು 2013ರಲ್ಲಿ ಅಮೆರಿಕದಿಂದ ಪ್ರಕಟವಾದ, ನಿದ್ರೆಯಲ್ಲಿ ಉಸಿರು ಕಟ್ಟುವ ಬಾಧೆ ಅತಿತೀವ್ರವಲ್ಲದ 464 ಮಕ್ಕಳ ಪ್ರಯೋಗ ಕಲಿಸಿತು: ಟಾನ್ಸಿಲ್ ಅಡಿನಾಯ್ಡುಗಳನ್ನು ತೆಗೆಸಿಕೊಂಡವರಲ್ಲಿ ಶೇಕಡಾ 79 ಮಂದಿಯ ನಿದ್ರಾಪರೀಕ್ಷೆ ಏಳು ತಿಂಗಳಲ್ಲಿ ಸಹಜಕ್ಕೆ ಬಂದರೆ, ಸುಮ್ಮನೆ ಕಾದವರಲ್ಲಿಯೂ ಶೇಕಡಾ 46 ಮಂದಿ ಸಹಜಕ್ಕೆ ಬಂದಿದ್ದರು. ಶಸ್ತ್ರಚಿಕಿತ್ಸೆಯ ಮೇಲುಗೈ ಇಲ್ಲಿ ನಿರ್ವಿವಾದ. ಆದರೆ ಕಾದ ಆ ಮಕ್ಕಳ ಬಾಯಲ್ಲಿ ನಾವೊಂದು ತಿರುಪನ್ನಿಟ್ಟಿದ್ದರೆ, ಕಾಲವೂ ಬೆಳವಣಿಗೆಯೂ ಮಾಡಿದ ಉಪಕಾರವನ್ನೆಲ್ಲ ಆ ತಿರುಪಿನ ಲೆಕ್ಕಕ್ಕೆ ಬರೆದುಬಿಡುತ್ತಿರಲಿಲ್ಲವೇ? ಕಿರಿದಾದ ಅಂಗುಳನ್ನು ಹಿಗ್ಗಿಸೋಣ. ಸಹಜವಾಗಿರುವ ಅಂಗುಳನ್ನು ಗೊರಕೆಯ ನೆಪದಿಂದ ಹಿಗ್ಗಿಸುವುದು ಸಲ್ಲದು.

ತುಟಿ ತೆರೆದ ಮಕ್ಕಳೆಲ್ಲ ಬಾಯುಸಿರಿನವರೆಂಬ ತೀರ್ಪೂ ಅವಸರದ್ದೇ. ತುಟಿ ಕೂಡದಿದ್ದರೂ ನಾಲಗೆಯ ಹಿಂಭಾಗ ಮೃದುತಾಲುವನ್ನು ಮುಟ್ಟಿ ಬಾಯಿಯ ದಾರಿಯನ್ನು ಮುಚ್ಚಿದ್ದರೆ, ಮಗು ಮೂಗಿನಿಂದಲೇ ಉಸಿರಾಡುತ್ತಿರುತ್ತದೆ. ನಮ್ಮ ಪುಟ್ಟ ಕನ್ನಡಿಯನ್ನು ಮೂಗಿಗೂ ತುಟಿಗೂ ನಡುವೆ ಅಡ್ಡ ಹಿಡಿದರೆ ಯಾವ ಮೈಗೆ ಮಂಜು ಕಟ್ಟಿತೆಂಬುದು ಒಂದು ಸುಳಿವು ಕೊಡುತ್ತದೆ. ರೋಗನಿರ್ಣಯ ಮಾತ್ರ ಕಿವಿ-ಮೂಗು-ಗಂಟಲಿನ ವೈದ್ಯರಿಗೂ ನಿದ್ರಾಪರೀಕ್ಷೆಗೂ ಸೇರಿದ್ದು.

ಆದರೆ ಇರುಳಿನ ಉಸಿರನ್ನು ಯಾವ ಕನ್ನಡಿಯೂ ತೋರಿಸದು. ಅದನ್ನು ಬಲ್ಲವಳು ಮಗುವಿನ ಪಕ್ಕದಲ್ಲಿ ಮಲಗುವ ತಾಯಿ. “ರಾತ್ರಿ ಗೊರಕೆ ಹೊಡೆಯುತ್ತದೆಯೇನಮ್ಮ, ನಡುವೆ ಉಸಿರು ನಿಂತಂತಾಗುತ್ತದೆಯೇ?” ಎಂದು ಅವಳನ್ನು ಕೇಳುವ ವ್ಯವಧಾನವೇ, ಈ ದತ್ತಿಯ ಮಹನೀಯರಿಂದ ನಮಗೆ ಬಂದಿರುವ ಮೊದಲ ಉಪಕರಣವೆಂದು ನಾನು ನಂಬಿದ್ದೇನೆ.