ಹೊಗೆಯನ್ನು ಮರಳಿ ಉಣ್ಣುವ ಎಂಜಿನ್



ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಗಳನ್ನು ದಾಟಿ ಬಾಳೆಬರೆ ಘಾಟಿಗೆ ಒಂದು ದಾರಿ. ಬೈಂದೂರಿನಿಂದ ಕೊಲ್ಲೂರು, ನಾಗೋಡಿಗಳ ಮೂಲಕ ಇನ್ನೊಂದು. ಬ್ರಹ್ಮಾವರದಿಂದ ಹೆಬ್ರಿ, ಸೋಮೇಶ್ವರ ಹಾದು ಆಗುಂಬೆಗೆ ಮತ್ತೊಂದು. ಈ ಮೂರು ಊರುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿರುವುದು ರಾಷ್ಟ್ರೀಯ ಹೆದ್ದಾರಿ 66. ಏರಿನಲ್ಲಿ ಏದುಸಿರು ಬಿಡುವ ವಾಹನಗಳ ಕರಿಹೊಗೆಯನ್ನು ಎಲ್ಲರೂ ಕಂಡು ಬಲ್ಲರು. ಆದರೆ ಅದೇ ಸೈಲೆನ್ಸರಿನಿಂದ ಕಣ್ಣಿಗೆ ಕಾಣದಂತೆ ಹೊರಬೀಳುವ ಇನ್ನೊಂದು ವಸ್ತುವಿದೆ. ಅದು ಸಾರಜನಕದ ಆಕ್ಸೈಡ್. ಅದನ್ನು ಹುಟ್ಟುವಲ್ಲಿಯೇ ತಗ್ಗಿಸುವ ಉಪಾಯವೇ ಇಂದಿನ ವಿಷಯ. ತಾಂತ್ರಿಕರು ಇದನ್ನು ಇ.ಜಿ.ಆರ್. ಎನ್ನುತ್ತಾರೆ; ಕನ್ನಡದಲ್ಲಿ ನಿಷ್ಕಾಸ ಅನಿಲದ ಮರುಪರಿಚಲನೆ ಎನ್ನಬಹುದು.

ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕ, ಶೇಕಡಾ 21ರಷ್ಟು ಆಮ್ಲಜನಕ ಇವೆ. ಸಾಮಾನ್ಯ ಸ್ಥಿತಿಯಲ್ಲಿ ಇವೆರಡೂ ಒಂದರ ಗೊಡವೆಗೆ ಇನ್ನೊಂದು ಹೋಗುವುದಿಲ್ಲ. ಸಿಡಿಲು ಮಿಂಚಿನ ಅತಿಯಾದ ಕಾವಿನಲ್ಲಿ ಮಾತ್ರ ಅವು ಕೂಡಿಕೊಳ್ಳುತ್ತವೆ. ಮಳೆಯೊಡನೆ ನೈಟ್ರೇಟಾಗಿ ಗದ್ದೆಗೆ ಇಳಿಯುತ್ತವೆ. ಎಂಜಿನ್ನಿನ ಸಿಲಿಂಡರಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಉರಿಯ ತಾಪ ಸುಮಾರು 1,500 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತೆಂದರೆ ಸಾರಜನಕದ ಆಕ್ಸೈಡ್ ಉತ್ಪತ್ತಿ ವೇಗ ಪಡೆಯುತ್ತದೆ. ತಾಪ ಏರಿದಂತೆಲ್ಲ ಅದು ಹಲವು ಪಟ್ಟು ಹೆಚ್ಚುತ್ತದೆ. ಸಿಡಿಲು ಎಂದೋ ಒಮ್ಮೆ, ಎತ್ತರದ ಆಕಾಶದಲ್ಲಿ ಮಾಡುವ ಕೆಲಸವನ್ನು ವಾಹನಗಳು ದಿನವಿಡೀ, ಮನುಷ್ಯನ ಮೂಗಿನ ಮಟ್ಟದಲ್ಲಿ ಮಾಡುತ್ತವೆ ಎಂಬುದಷ್ಟೇ ವ್ಯತ್ಯಾಸ.

ಈ ಅನಿಲ ಶ್ವಾಸಕೋಶವನ್ನು ಕೆರಳಿಸುತ್ತದೆ. ಉಬ್ಬಸದವರಿಗೆ ಹೆಚ್ಚಿನ ತೊಂದರೆ. ಕೃಷಿಕರಿಗೆ ಇನ್ನೊಂದು ಕಾರಣಕ್ಕೂ ಇದು ಮುಖ್ಯ. ಬಿಸಿಲಿನಲ್ಲಿ ಇದು ಇತರ ಆವಿಗಳೊಡನೆ ಸೇರಿ ನೆಲಮಟ್ಟದ ಓಝೋನ್ ಆಗುತ್ತದೆ. ಎತ್ತರದ ವಾಯುಮಂಡಲದಲ್ಲಿ ಜೀವಿಗಳನ್ನು ಕಾಯುವ ಓಝೋನ್, ನೆಲದ ಬಳಿ ಎಲೆಯ ಪತ್ರರಂಧ್ರಗಳೊಳಗೆ ಹೊಕ್ಕು ಪೈರಿನ ಆಹಾರ ತಯಾರಿಕೆಯನ್ನೇ ಕುಂದಿಸುತ್ತದೆ. ಅದು ರಸ್ತೆಯ ಪಕ್ಕದಲ್ಲಿಯೇ ಹುಟ್ಟಬೇಕೆಂದಿಲ್ಲ. ಗಾಳಿ ಬೀಸಿದತ್ತ ಸಾಗುತ್ತಾ ದೂರದಲ್ಲಿ ರೂಪುಗೊಳ್ಳಬಲ್ಲುದು. ಹಗಲಿನಲ್ಲಿ ಕಡಲಗಾಳಿ ಘಟ್ಟದತ್ತ ಬೀಸುವ ಸೀಮೆಯಲ್ಲಿ ಈ ಮಾತನ್ನು ಮರೆಯಲಾಗದು.

ಇನ್ನು ಉಪಾಯದ ವಿಚಾರ. ಎಂಜಿನ್ನಿನಿಂದ ಹೊರಟ ಹೊಗೆಯ ಒಂದು ಪಾಲನ್ನು ಕೊಳವೆಯ ಮೂಲಕ ಹಿಂದಕ್ಕೆ ತಂದು, ಅನೇಕ ಎಂಜಿನ್ನುಗಳಲ್ಲಿ ಅದನ್ನು ನೀರಿನಿಂದ ತಂಪುಮಾಡಿ, ಒಳಗೆ ಹೋಗುವ ಹೊಸ ಗಾಳಿಯೊಡನೆ ಬೆರೆಸುತ್ತಾರೆ. ಎಷ್ಟು ಪಾಲು ಎಂಬುದನ್ನು ಒಂದು ಕವಾಟ ನಿರ್ಧರಿಸುತ್ತದೆ. ಪೆಟ್ರೋಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಶೇಕಡಾ 5ರಿಂದ 15; ಡೀಸೆಲ್ ಎಂಜಿನ್ನುಗಳಲ್ಲಿ ಹೊರೆ ಹಗುರವಾಗಿದ್ದಾಗ ಅರ್ಧದವರೆಗೂ ಹೋಗಬಹುದು.

ಇದರ ಪರಿಣಾಮವನ್ನು ಬಚ್ಚಲೊಲೆಯ ಮುಂದೆ ಕುಳಿತವರು ಸುಲಭವಾಗಿ ಗ್ರಹಿಸಬಲ್ಲರು. ಒಣ ಕಟ್ಟಿಗೆ ಭಗ್ಗನೆ ಉರಿಯುತ್ತದೆ. ಹಸಿ ಕಟ್ಟಿಗೆಯ ಕಾವಿನಲ್ಲಿ ಒಂದು ಭಾಗ ನೀರನ್ನು ಆವಿ ಮಾಡುವುದರಲ್ಲಿಯೇ ವ್ಯಯವಾಗುತ್ತದೆ. ಉರಿ ತಣ್ಣಗಾಗುತ್ತದೆ, ಹೊಗೆ ಹೆಚ್ಚುತ್ತದೆ. ಮರಳಿ ಬಂದ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ತಾವು ಉರಿಯದೆ ಕಾವನ್ನು ಹೀರಿಕೊಳ್ಳುತ್ತವೆ. ಜೊತೆಗೆ ಆಮ್ಲಜನಕದ ಪ್ರಮಾಣವೂ ತಗ್ಗುತ್ತದೆ. ಹೀಗೆ ಉರಿಯ ತುತ್ತತುದಿಯ ತಾಪ ಇಳಿದು ಸಾರಜನಕದ ಆಕ್ಸೈಡ್ ಕಡಿಮೆಯಾಗುತ್ತದೆ. ಆದರೆ ಡೀಸೆಲ್ ಎಂಜಿನ್ನಿನಲ್ಲಿ ಹಸಿ ಕಟ್ಟಿಗೆಯ ನ್ಯಾಯವೇ ಅನ್ವಯಿಸಿ ಮಸಿ ಹೆಚ್ಚುತ್ತದೆ. ಈ ಮಸಿ ಎಂಜಿನ್ ಎಣ್ಣೆಯ ಆವಿಯೊಡನೆ ಸೇರಿ ಕವಾಟಕ್ಕೆ ಅಂಟಿಕೊಂಡು ಅದನ್ನು ಬಿಗಿಯುವುದುಂಟು.

ಸಮಸ್ಯೆ ಆರಂಭವಾಗುವುದು ಇಲ್ಲಿಯೇ. ಕವಾಟವನ್ನು ಬಿಚ್ಚಿ ತೊಳೆಯುವ ಬದಲು ಅದರ ದಾರಿಗೆ ತಗಡಿನ ತುಂಡೊಂದನ್ನು ಅಡ್ಡವಿಟ್ಟು ಮುಚ್ಚಿಬಿಡುವ ಪದ್ಧತಿಯೊಂದಿದೆ. "ಪಿಕಪ್ ಬರುತ್ತದೆ, ಘಾಟಿ ಹತ್ತುತ್ತದೆ" ಎಂಬುದು ಅದರ ಸಮರ್ಥನೆ. ಆದರೆ ಸುಸ್ಥಿತಿಯ ಕವಾಟವು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಬಹುಮಟ್ಟಿಗೆ ತಾನೇ ಮುಚ್ಚಿಕೊಳ್ಳುವಂತೆ ರಚಿತವಾಗಿರುತ್ತದೆ. ಘಾಟಿಯ ಏರಿನಲ್ಲಿ ಶಕ್ತಿ ಕದಿಯುವುದು ಇ.ಜಿ.ಆರ್. ಅಲ್ಲ, ಕೊಳೆ ಹಿಡಿದು ತೆರೆದೇ ಉಳಿದ ಕವಾಟ. ಅದಕ್ಕೆ ಬೇಕಾದುದು ಶುದ್ಧೀಕರಣ ಅಥವಾ ಹೊಸ ಕವಾಟ, ತಗಡಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ವಾಹನದ ಹೊಗೆ ತಪಾಸಣೆಯಲ್ಲಿ ಡೀಸೆಲ್ ವಾಹನದ ಹೊಗೆಯ ದಟ್ಟತೆಯನ್ನು ಅಳೆಯುತ್ತಾರೆಯೇ ಹೊರತು ಸಾರಜನಕದ ಆಕ್ಸೈಡನ್ನಲ್ಲ. ತಗಡು ಹಾಕಿದ ವಾಹನದಲ್ಲಿ ಮಸಿ ಕಡಿಮೆಯಾಗುವುದರಿಂದ ಅದು ತಪಾಸಣೆಯಲ್ಲಿ ಇನ್ನಷ್ಟು ಸುಲಭವಾಗಿ ತೇರ್ಗಡೆಯಾಗಬಹುದು! ಕಾಣುವ ಹೊಗೆ ಇಳಿಯಿತು, ಕಾಣದ ವಿಷ ಏರಿತು, ಕೈಯಲ್ಲಿ ಪ್ರಮಾಣಪತ್ರವೂ ದೊರೆಯಿತು. ಅಳೆಯುವಾಗ ಒಂದು, ಓಡುವಾಗ ಇನ್ನೊಂದು ಎಂಬ ಈ ದೋಷ ಬಡ ಚಾಲಕನಿಗೆ ಮಾತ್ರ ಸೇರಿದ್ದಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಮಾಲಿನ್ಯ ನಿಯಂತ್ರಣ ಸರಿಯಾಗಿ ನಡೆಯುವಂತೆ ತಂತ್ರಾಂಶ ಅಳವಡಿಸಿದ ಫೋಕ್ಸ್‌ವ್ಯಾಗನ್ ಪ್ರಕರಣ 2015ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ಅದೇ ವರ್ಷಾಂತ್ಯಕ್ಕೆ ಭಾರತದಲ್ಲಿಯೂ ಮೂರು ಲಕ್ಷಕ್ಕೂ ಮಿಕ್ಕಿದ ಕಾರುಗಳನ್ನು ಹಿಂದಕ್ಕೆ ಕರೆಸುವ ಘೋಷಣೆಯಾಯಿತು.

ಕಾನೂನು ಹಂತಹಂತವಾಗಿ ಬಿಗಿಯಾಗುತ್ತ ಬಂದಿದೆ. ದೇಶದಾದ್ಯಂತ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 4ರಲ್ಲಿ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.25 ಗ್ರಾಂ ಸಾರಜನಕದ ಆಕ್ಸೈಡಿನ ಮಿತಿಯಿತ್ತು. 2020ರ ಏಪ್ರಿಲ್ 1ರಿಂದ ಬಂದ ಸ್ಟೇಜ್ 6ರಲ್ಲಿ ಅದು 0.08 ಗ್ರಾಂಗೆ ಇಳಿಯಿತು. ಆದರೆ ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಗ್ಯಾರೇಜಿನ ಒಂದು ತಗಡು ಆ ಎಲ್ಲ ಪ್ರಯತ್ನವನ್ನೂ ನಿಷ್ಫಲಗೊಳಿಸಬಲ್ಲುದು. ತಯಾರಕರ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿ ನಿಷೇಧಿಸಿದೆ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಮಾಡಬೇಕಾದುದೇನು? ವಾಹನವುಳ್ಳವರು ಸರ್ವಿಸಿನ ವೇಳೆ ಕವಾಟವನ್ನು ಬಿಚ್ಚಿ ತೊಳೆಸಲಿ. ಎಂಜಿನ್ ಎಣ್ಣೆಯನ್ನು, ಗಾಳಿಯ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಲಿ. ಹಳೆಯ ವಾಹನ ಕೊಳ್ಳುವವರು ತಗಡು ಹಾಕಿದೆಯೇ ಎಂದು ಕೇಳಿ ತಿಳಿಯಲಿ. ಐ.ಟಿ.ಐ.ನಲ್ಲಿ ಕಲಿಯುವ ತರುಣರು ಈ ಕವಾಟದ ಉದ್ದೇಶವನ್ನು ಗಿರಾಕಿಗೆ ತಿಳಿಸಿ ಹೇಳುವಷ್ಟು ಬಲ್ಲವರಾಗಲಿ. ಗ್ರಾಮಸಭೆಗಳು ತಪಾಸಣೆಯಲ್ಲಿ ಸಾರಜನಕದ ಆಕ್ಸೈಡನ್ನೂ ಅಳೆಯಬೇಕೆಂದು ಠರಾವು ಮಾಡಿ ಸಾರಿಗೆ ಇಲಾಖೆಗೆ ಕಳುಹಿಸಲಿ. ಕಾಣದ ಹೊಗೆಗೂ ಅಳತೆಗೋಲು ಬಂದಾಗಲೇ ತಗಡು ಹಾಕುವವನಿಗೂ ಕವಾಟ ತೊಳೆಯುವವನಿಗೂ ಇರುವ ವ್ಯತ್ಯಾಸ ಲೆಕ್ಕಕ್ಕೆ ಸಿಗುತ್ತದೆ.