ಎರಡು ನಾಡಿನ ಒಂದು ಮಾತು

2021ರ ಡಿಸೆಂಬರ್ 2ರಂದು, ಒಮಿಕ್ರಾನ್ ಎಂಬ ಹೊಸ ತಳಿಯ ಕೋವಿಡ್ ಭಾರತದಲ್ಲಿ ಮೊದಲ ಬಾರಿಗೆ ನಮ್ಮ ಕರ್ನಾಟಕದಲ್ಲಿಯೇ ಪತ್ತೆಯಾಯಿತೆಂಬ ವಾರ್ತೆ ಬಂದಿತು. ಸೋಂಕು ತಗಲಿದ ಇಬ್ಬರಲ್ಲಿ ಒಬ್ಬರು ದಕ್ಷಿಣ ಆಫ್ರಿಕದವರು. ಇನ್ನೊಬ್ಬರು ಪರದೇಶಕ್ಕೆ ಹೋಗಿ ಬಂದವರೇ ಅಲ್ಲ, ಬೆಂಗಳೂರಿನ ವೈದ್ಯರು. ಆದರೂ ನಮ್ಮ ಹಿರೇಕೊಡಿಗೆಯ ಅಂಗಡಿ ಜಗಲಿಯಲ್ಲಿ ಅದಕ್ಕೆ 'ಆಫ್ರಿಕದ ಕಾಯಿಲೆ' ಎಂದೇ ನಾಮಕರಣವಾಯಿತು. ನಾನೂ ಅಲ್ಲಿದ್ದೆ. ಹೇಳಬೇಕಾದ ಮಾತೊಂದಿತ್ತು, ಹೇಳದೆ ಎದ್ದು ಬಂದೆ. ಅದನ್ನು ಈ ಹೊತ್ತು ತಮ್ಮ ಮುಂದೆ ಹೇಳುತ್ತೇನೆ.

2020ರ ಫೆಬ್ರವರಿಯಲ್ಲಿ, ಆಗತಾನೆ ನಿವೃತ್ತನಾಗಿದ್ದ ನಾನು, ಕೆನ್ಯಾದ ನೈರೋಬಿಯಲ್ಲಿದ್ದ ಮಗಳ ಮನೆಗೆ ಹೋದೆ. ಒಂದು ತಿಂಗಳಿದ್ದು ಬರುವ ಯೋಚನೆ. ಮಾರ್ಚಿಯಲ್ಲಿ ಎರಡು ದೇಶಗಳೂ ವಿಮಾನಗಳನ್ನು ನಿಲ್ಲಿಸಿದವು. ಏಪ್ರಿಲ್ 6ರಿಂದ ನೈರೋಬಿಯ ಎಲ್ಲೆಯನ್ನೇ ಮುಚ್ಚಿದರು. ಮನೆಗೆಲಸಕ್ಕಿದ್ದ ಕಿಕುಯು ಹೆಂಗಸೂ ನನ್ನಂತೆಯೇ ಒಳಗೆ ಸಿಕ್ಕಿಬಿದ್ದಳು. ಆಕೆಯ ತವರು ಮುರಾಂಗ, ನಮ್ಮ ಕೊಪ್ಪದಂತೆಯೇ ಕಾಫಿ, ಚಹ ಬೆಳೆಯುವ ಗುಡ್ಡನಾಡು.

ಆಕೆ ನನ್ನನ್ನು 'ಬಾಬು' ಎನ್ನುತ್ತಿದ್ದಳು. ಸ್ವಾಹಿಲಿಯಲ್ಲಿ ಹಾಗೆಂದರೆ ಅಜ್ಜ. ಬೆಳಗ್ಗೆ ಆಕೆ ಕುದಿಸುತ್ತಿದ್ದ 'ಉಜಿ' ನಮ್ಮ ರಾಗಿಯ ಅಂಬಲಿಯೇ. ನಮ್ಮದೆಂದೆನೆ? ರಾಗಿ ಪೂರ್ವ ಆಫ್ರಿಕದ ಎತ್ತರದ ಸೀಮೆಯಲ್ಲಿ ಹುಟ್ಟಿ, ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದ ಧಾನ್ಯ. ಕಾಫಿಯ ತವರೂ ಇಥಿಯೋಪಿಯವೇ. ಆಕೆಯ ಹಿರಿಯ ಮಗನಿಗೆ ಗಂಡನ ತಂದೆಯ ಹೆಸರು, ಎರಡನೆಯವನಿಗೆ ತನ್ನ ತಂದೆಯ ಹೆಸರು. ಕಿಕುಯು ಜನರ ಕಟ್ಟಳೆಯದು. ನನಗೂ ಅಜ್ಜನ ಹೆಸರನ್ನೇ ಇಟ್ಟಿದ್ದಾರೆಂದು ಕೇಳಿ ಆಕೆ ನಕ್ಕಳು.

ಮೇ ತಿಂಗಳಲ್ಲಿ ಆಕೆಯ ತಾಯಿ ತೀರಿಕೊಂಡರು. ಊರು ನೂರು ಕಿಲೋಮೀಟರೂ ದೂರವಿಲ್ಲ, ಮಣ್ಣಿಗೆ ಹೋಗಲಾಗಲಿಲ್ಲ. ಏನೆನ್ನಬೇಕೆಂದು ತೋಚದೆ ನಾನು ಅಡುಗೆಮನೆಯ ಬಾಗಿಲಲ್ಲಿಯೇ ನಿಂತು ಹಿಂದಿರುಗಿದೆ. ಹದಿನೈದು ದಿನಗಳಲ್ಲಿ, ನನ್ನನ್ನು ಎತ್ತಿ ಆಡಿಸಿದ ಅಕ್ಕಯ್ಯ ಹಿರೇಕೊಡಿಗೆಯಲ್ಲಿ ಕಣ್ಣು ಮುಚ್ಚಿದಳು. ಸುದ್ದಿ ಕೇಳಿ, ಮಿಂದು, ಒಂದು ಮೂಲೆಯಲ್ಲಿ ಕುಳಿತೆ. ಸೂತಕವಲ್ಲವೆ? ಆಕೆ ಉಜಿಯ ಲೋಟ ಹಿಡಿದು ಬಂದು, ಪಕ್ಕದಲ್ಲಿಯೇ ಕುಳಿತು, "ಪೊಲೆ, ಬಾಬು" ಎಂದಳು.

ನಾನು ಬೆಚ್ಚಿದೆ. ಹಳಗನ್ನಡದಲ್ಲಿ ಪೊಲೆಯೆಂದರೆ ಮೈಲಿಗೆ, ಅಶುಚಿ. ಸ್ವಾಹಿಲಿಯಲ್ಲಿಯಾದರೋ, 'ನಿನ್ನ ನೋವಿಗೆ ನಾನೂ ಮರುಗುತ್ತೇನೆ' ಎಂಬ ಸಂತಾಪ. ಎಡವಿದ ಮಗುವಿಗೂ ಅದೇ ಮಾತು, ತಾಯನ್ನು ಕಳೆದುಕೊಂಡವರಿಗೂ ಅದೇ. ಎರಡಕ್ಕೂ ಹುಟ್ಟಿನ ನಂಟಿಲ್ಲ. ಒಂದು ಮನುಷ್ಯನನ್ನು ದೂರವಿಡುತ್ತದೆ. ಇನ್ನೊಂದು ಅವನ ಹತ್ತಿರ ಬಂದು ಕೂರುತ್ತದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಆಕೆಯ ದುಃಖದ ದಿನ ಒಂದು ಪದವೂ ಒದಗಿರಲಿಲ್ಲ. ಅಂದು ತಡವಾಗಿ, ಆಕೆಯ ಮಾತನ್ನೇ ಆಕೆಗೆ ಹೇಳಿದೆ.

ಆಗಸ್ಟ್ 1ರಂದು ಕೆನ್ಯಾ ಮತ್ತೆ ವಿಮಾನಗಳಿಗೆ ಬಾಗಿಲು ತೆರೆಯಿತು. ದೀಪಾವಳಿಯ ಹೊತ್ತಿಗೆ ನಾನು ಊರು ಸೇರಿದೆ.

ಜಗಲಿಯಲ್ಲಿ ನಾನು ಹೇಳದ ಮಾತು ಇಷ್ಟೆ: 1957ರಲ್ಲಿ ನಮ್ಮ ಮಲೆನಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಲೋಕದ ವೈದ್ಯಗ್ರಂಥಗಳೆಲ್ಲ ಕ್ಯಾಸನೂರಿನ ಹೆಸರಿಟ್ಟಿವೆ. ಕ್ಯಾಸನೂರಿನವರು ಮಾಡಿದ ತಪ್ಪೇನು?